ಗೋಲ್‌ಕೀಪರ್ ಮುಂದೆ ಇಡೀ ತಂಡದ ಕೋಚ್ ಆಗಬಲ್ಲನೇ?

ಪ್ರಶ್ನೆ: ನನ್ನ ಮಗನಿಗೆ ಹದಿನಾರು ವರ್ಷ, ಶಾಲಾ ತಂಡದ ಗೋಲ್‌ಕೀಪರ್. ಮುಂದೆ ಕೋಚ್ ಆಗುತ್ತೇನೆ ಎನ್ನುತ್ತಾನೆ. ಗೋಲ್‌ಕೀಪರ್ ಆದವನು ಗೋಲ್‌ಕೀಪರ್‌ಗಳಿಗಷ್ಟೇ ಕಲಿಸಬಲ್ಲ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ?
– ಒಬ್ಬ ತಂದೆ, ಆಂಡರ್‌ಸನ್‌ಪೇಟೆ, ಕೆಜಿಎಫ್

ಉತ್ತರ: ಅರ್ಧ ನಿಜ. ಆದರೆ ತೊಡಕಿರುವುದು ಗೋಲ್‌ಕೀಪರ್‌ನ ತಲೆಯಲ್ಲಲ್ಲ, ಅವನು ಅಭ್ಯಾಸ ಮಾಡುವ ಜಾಗದಲ್ಲಿ.

ದೊಡ್ಡ ಕ್ಲಬ್ಬುಗಳ ಅಭ್ಯಾಸ ನೋಡಿದ್ದೀರಾ? ಉಳಿದವರೆಲ್ಲ ನಡುಮೈದಾನದಲ್ಲಿ ಪಾಸು, ದಾಳಿ ಎಂದು ಓಡಾಡುತ್ತಿದ್ದರೆ, ಗೋಲ್‌ಕೀಪರ್‌ಗಳು ಒಂದು ಮೂಲೆಯಲ್ಲಿ ತಮ್ಮದೇ ಕೋಚ್ ಜೊತೆ ಇರುತ್ತಾರೆ. ಕೋಚ್ ಹತ್ತಿರದಿಂದ ಚೆಂಡು ಒದೆಯುತ್ತಾನೆ. ಇವರು ಬೀಳಬೇಕು, ಏಳಬೇಕು, ಮತ್ತೆ ಬೀಳಬೇಕು. ಹದಿನೈದು ವರ್ಷ ಹೀಗೆ ಕಳೆದವನಿಗೆ ಆಟ ಬಿಟ್ಟ ಮೇಲೆ ಸಿಗುವ ಕೆಲಸವೂ ಸಾಮಾನ್ಯವಾಗಿ ಅದೇ ಮೂಲೆಯದು.

ಪಂದ್ಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಇಡೀ ಮೈದಾನ ಕಾಣುವುದು ಗೋಲ್‌ಕೀಪರ್‌ಗೇ. ನಾನೂ ಒಂದು ಕಾಲದಲ್ಲಿ ಮಾರಿಕುಪ್ಪಂ ಕಡೆಯ ಜಲ್ಲಿ ನೆಲದಲ್ಲಿ, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಗೋಲು ಕಾದವನು. ಗಾಳಿ ಎದ್ದರೆ ಸೈನೈಡ್ ದಿಬ್ಬದ, ಅಂದರೆ ಚಿನ್ನದ ಗಣಿಯ ತ್ಯಾಜ್ಯದ ಗುಡ್ಡೆಯ, ಧೂಳು ನೇರ ಕಣ್ಣಿಗೆ. ಆ ಮಬ್ಬಿನಲ್ಲೂ ನಮ್ಮ ಬಲಬದಿಯ ಡಿಫೆಂಡರ್ ಮೈಮರೆತು ಮುಂದೆ ಹೋಗಿಬಿಟ್ಟಿರುವುದು, ಅವನ ಬೆನ್ನ ಹಿಂದೆ ಎದುರಾಳಿ ನುಸುಳುತ್ತಿರುವುದು ನನಗೆ ಕಾಣುತ್ತಿತ್ತು. ಅವನಿಗೆ ಕಾಣುತ್ತಿರಲಿಲ್ಲ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗುತ್ತಿದ್ದೆ. ಯಾವುದರಲ್ಲಿ ಕೂಗಿದರೂ ಅವನು ತಿರುಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಈ ನೋಟವನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ಇಟಲಿಯ ಗೋಲ್‌ಕೀಪರ್ ಡಿನೋ ಜೋಫ್ 1982ರಲ್ಲಿ ನಲವತ್ತನೆಯ ವಯಸ್ಸಿಗೆ ನಾಯಕನಾಗಿ ವಿಶ್ವಕಪ್ ಎತ್ತಿದರು. ಮುಂದೆ ಕೋಚ್ ಆಗಿ 2000ರ ಯೂರೋ ಕಪ್ (ಯುರೋಪಿನ ದೇಶಗಳ ಟೂರ್ನಿ) ಫೈನಲ್‌ವರೆಗೆ ತಮ್ಮ ದೇಶವನ್ನು ಒಯ್ದರು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವವರು ಇನ್ನಿಬ್ಬರು. ಪೋರ್ಚುಗಲ್‌ನ ನೂನೊ ಎಸ್ಪಿರಿಟೊ ಸ್ಯಾಂಟೊ 2004ರಲ್ಲಿ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದ ಪೋರ್ಟೊ ತಂಡದಲ್ಲಿದ್ದರು, ಆದರೆ ಮೀಸಲು ಗೋಲ್‌ಕೀಪರ್ ಆಗಿ. ಮುಂದೆ ಇಂಗ್ಲೆಂಡಿನ ವುಲ್ವ್ಸ್ ತಂಡವನ್ನು 2018ರಲ್ಲಿ ಅಲ್ಲಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ಗೆ ಕೋಚ್ ಆಗಿ ಏರಿಸಿದ್ದು ಇವರೇ. ಸ್ಪೇನಿನ ಹುಲೆನ್ ಲೊಪೆಟೆಗಿ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಎರಡರಲ್ಲೂ ಇದ್ದು ಆಡಿದ್ದು ಬೆರಳೆಣಿಕೆಯ ಪಂದ್ಯ. ಕೋಚ್ ಆಗಿ 2020ರಲ್ಲಿ ಸೆವಿಯಾ ಕ್ಲಬ್ಬಿಗೆ ಯುರೋಪಿನ ಎರಡನೇ ಹಂತದ ಕ್ಲಬ್ ಟೂರ್ನಿ ಯುರೋಪಾ ಲೀಗ್ ಗೆದ್ದುಕೊಟ್ಟರು. ವರ್ಷಗಟ್ಟಲೆ ಬೆಂಚಿನ ಮೇಲೆ ಕುಳಿತವನಿಗೆ ಕೋಚ್ ಪಕ್ಕದಲ್ಲೇ ಜಾಗ. ಹೊಟ್ಟೆ ಉರಿಯುತ್ತದೆ, ಕಿವಿಯೂ ತೆರೆದಿರುತ್ತದೆ.

ನಮ್ಮಲ್ಲಿ ಪೀಟರ್ ತಂಗರಾಜ್ ಇದ್ದರು. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಗೋಲ್‌ಕೀಪರ್. ಆಟ ಬಿಟ್ಟ ಮೇಲೆ ಅವರೂ ಕೋಚ್ ಆದರು.

ನಿಮ್ಮ ಮಗನ ಕಾಲಕ್ಕೆ ದಾರಿ ಇನ್ನೂ ಸಲೀಸು. 1992ರಲ್ಲಿ ಬಂದ ನಿಯಮದ ಪ್ರಕಾರ, ಸ್ವಂತ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. ಹಾಗಾಗಿ ಅವನು ಕಾಲಾಟ ಕಲಿಯಲೇಬೇಕಾಯಿತು, ದಾಳಿಯ ಮೊದಲ ಪಾಸೂ ಅವನಿಂದಲೇ ಹೊರಡತೊಡಗಿತು. ಮೂಲೆಯಲ್ಲಿದ್ದವನನ್ನು ತಂಡದ ಜೊತೆಗಿನ ಅಭ್ಯಾಸಕ್ಕೆ ಕರೆಯದೆ ವಿಧಿಯಿಲ್ಲ.

ಕೋಚ್ ಆಗಲು ಲೈಸೆನ್ಸ್ ಬೇಕು. ಭಾರತದಲ್ಲಿ ಡಿ ಇಂದ ಶುರುವಾಗಿ ಸಿ, ಬಿ, ಎ, ಕೊನೆಗೆ ಪ್ರೊ ಎಂದು ಮೆಟ್ಟಿಲುಗಳಿವೆ. ಗೋಲ್‌ಕೀಪಿಂಗ್ ಕೋಚ್‌ಗಳ ಕೋರ್ಸುಗಳದು ಬೇರೆಯೇ ಸಾಲು. ಹಲವರು ಎಡವುವುದು ಇಲ್ಲಿಯೇ: ಗೊತ್ತಿರುವ ವಿದ್ಯೆ ಎಂದು ಎರಡನೆಯದನ್ನು ಮಾತ್ರ ಮಾಡಿಕೊಂಡು, ತಾವೇ ಮೂಲೆಗೆ ಮರಳುತ್ತಾರೆ. ನಿಮ್ಮ ಮಗ ವಯಸ್ಸು ತುಂಬಿದ ಮೇಲೆ ಡಿ ಲೈಸೆನ್ಸನ್ನು ಮೊದಲು ಮಾಡಿಕೊಳ್ಳಲಿ. ಕೋರ್ಸು ಯಾವಾಗ, ಎಲ್ಲಿ ಎನ್ನುವುದನ್ನು ಬೆಂಗಳೂರಿನ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ ವಿಚಾರಿಸಿ. ಮಾರಿಕುಪ್ಪಂನ ಬೆಳಗಿನ ರೈಲು ಹಿಡಿದರೆ ಸಂಜೆಗೆ ಮನೆ.

ಅಲ್ಲಿಯವರೆಗೆ ಕಿರಿಯ ಹುಡುಗರಿಗೆ ಆಡಿಸಲಿ, ಅಭ್ಯಾಸದ ದಿನ ಅರ್ಧ ಗಂಟೆ ನಡುಮೈದಾನದಲ್ಲೂ ಆಡಲಿ. ಪಂದ್ಯ ಮುಗಿಸಿ ಬಂದಾಗ ಎಷ್ಟು ಚೆಂಡು ಹಿಡಿದೆ ಎಂದು ಕೇಳುವ ಬದಲು, ಬಿಟ್ಟುಕೊಟ್ಟ ಗೋಲು ಮೈದಾನದ ಯಾವ ಭಾಗದಿಂದ ಶುರುವಾಯಿತು ಎಂದು ಕೇಳಿ ನೋಡಿ. ಕಾಗದದ ಮೇಲೆ ಗೆರೆ ಎಳೆದು ತೋರಿಸಲಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ: ಜಲ್ಲಿ ನೆಲದಲ್ಲಿ ಆಡುವವನಿಗೆ ದುಬಾರಿ ಗ್ಲೌಸ್ ಕೊಡಿಸಬೇಡಿ. ತಿಂಗಳೊಪ್ಪತ್ತಿನಲ್ಲಿ ಗ್ಲೌಸಿನ ಅಂಗೈ ಕಿತ್ತು ಬರುತ್ತದೆ.