ಕೀಲಿ ತಂದುಕೊಟ್ಟ ಕಾವಲುಗಾರ

169.254.169.254. ಅಮೆಜಾನ್ ಕ್ಲೌಡ್‌ನಲ್ಲಿ, ಅಂದರೆ ಆ ಕಂಪನಿ ಬಾಡಿಗೆಗೆ ಕೊಡುವ ಕಂಪ್ಯೂಟರ್‌ಗಳಲ್ಲಿ, ಓಡುವ ಸರ್ವರ್‌ಗಳಿಗೆಲ್ಲ ಗೊತ್ತಿರುವ ವಿಳಾಸ ಇದು. ಹೊರಗಿನ ಇಂಟರ್ನೆಟ್‌ನಿಂದ ಇದನ್ನು ಮುಟ್ಟಲು ಆಗುವುದಿಲ್ಲ, ಸರ್ವರ್ ತಾನೇ ಒಳಗಿನಿಂದ ಕೇಳಬೇಕು. ‘ನಾನು ಯಾರು, ಏನೇನು ತೆರೆಯಲು ನನಗೆ ಅನುಮತಿ ಇದೆ’ ಎಂದು ಕೇಳಿದರೆ, ಕೆಲವೇ ಗಂಟೆ ನಡೆಯುವ ತಾತ್ಕಾಲಿಕ ಕೀಲಿಯೊಂದು ಅಲ್ಲಿ ಸಿಗುತ್ತದೆ. ಅದನ್ನು ತೋರಿಸಿ ಸರ್ವರ್ ತನಗೆ ಬೇಕಾದ ಕಡತ ತೆರೆಯುತ್ತದೆ. ಪಾಸ್‌ವರ್ಡನ್ನು ಪ್ರೋಗ್ರಾಮಿನೊಳಗೇ ಬರೆದಿಡುವ ಹಳೆಯ ಚಾಳಿ ತಪ್ಪಲಿ ಎಂದು ಮಾಡಿದ ಏರ್ಪಾಡು. ಯೋಚನೆ ಒಳ್ಳೆಯದೇ.

2019ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿಗೆ ಮುಳುವಾದದ್ದೂ ಇದೇ ಏರ್ಪಾಡು. ಬ್ಯಾಂಕಿನ ಕ್ಲೌಡ್ ಬಾಗಿಲಲ್ಲಿ ಒಂದು ಫೈರ್‌ವಾಲ್ ಇತ್ತು. ಬರುವ ಕೋರಿಕೆಗಳನ್ನು ಸೋಸಿ ಒಳಗೆ ಬಿಡುವುದು ಅದರ ಕೆಲಸ. ಅದರ ಸೆಟ್ಟಿಂಗ್ ತಪ್ಪಾಗಿತ್ತು. ಹೊರಗಿನವರು ಯಾವ ವಿಳಾಸ ಹೇಳಿದರೂ ತಾನೇ ಅಲ್ಲಿಗೆ ಹೋಗಿ ಉತ್ತರ ತಂದುಕೊಡುತ್ತಿತ್ತು. ದಾಳಿಕೋರರು ಹೇಳಿದ ವಿಳಾಸ ಯಾವುದೆಂದು ಓದುಗರು ಈಗಾಗಲೇ ಊಹಿಸಿರಬಹುದು. ಕಾವಲುಗಾರನೇ ಒಳಮನೆಗೆ ಹೋಗಿ ತನ್ನ ಕೀಲಿಯನ್ನು ತಂದು ಕಳ್ಳರ ಕೈಗಿಟ್ಟ. ಆ ಕೀಲಿ ಹಿಡಿದು ಕೇಳಿದಾಗ 700ಕ್ಕೂ ಹೆಚ್ಚು ಫೋಲ್ಡರ್‌ಗಳ ಪಟ್ಟಿ ತೆರೆದುಕೊಂಡಿತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಹೊರಗೆ ಹೋಯಿತು. ಬ್ಯಾಂಕಿಗೆ ಇದು ತಿಳಿದದ್ದು ಜುಲೈನಲ್ಲಿ, ಅದೂ ಹೊರಗಿನವರೊಬ್ಬರು ಇಮೇಲ್ ಕಳಿಸಿ ಎಚ್ಚರಿಸಿದ ಮೇಲೆ. ಮರುವರ್ಷ 8 ಕೋಟಿ ಡಾಲರ್ ದಂಡ ಬಿತ್ತು.

ಡೇಟಾವನ್ನು ಎನ್‌ಕ್ರಿಪ್ಟ್, ಅಂದರೆ ಗೂಢಲಿಪಿಗೆ ತಿರುಗಿಸುವ ಕೆಲಸ, ಮಾಡಿರಲಿಲ್ಲವೇ? ಮಾಡಿದ್ದರು. ಆದರೆ ಕ್ಲೌಡ್‌ನಲ್ಲಿ ಎನ್‌ಕ್ರಿಪ್ಷನ್ ಕೆಲಸ ಮಾಡುವ ಬಗೆಯೇ ಬೇರೆ. ಡಿಸ್ಕನ್ನೇ ಕದ್ದೊಯ್ದವರಿಗೆ ಅದು ಅರ್ಥವಾಗದು, ಅಧಿಕಾರವಿರುವ ಖಾತೆ ಬಂದು ಕೇಳಿದರೆ ಮಾತ್ರ ಬಿಡಿಸಿಯೇ ಕೊಡುತ್ತದೆ. ಕೇಳುತ್ತಿರುವುದು ಖಾತೆಯ ಒಡೆಯನೋ ಕೀಲಿ ಕದ್ದವನೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ‘ನಮ್ಮ ಡೇಟಾ ಎನ್‌ಕ್ರಿಪ್ಟ್ ಆಗಿದೆ’ ಎಂಬ ಭರವಸೆಯನ್ನು ಕೇಳಿದಾಗಲೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ.

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಇನ್ನೊಂದಿದೆ. ಕೋರಿಕೆ ಸೋಸುವ ಫೈರ್‌ವಾಲ್‌ಗೆ ಗ್ರಾಹಕರ ಅರ್ಜಿಗಳನ್ನು ಓದುವ ಅಧಿಕಾರ ಏಕೆ ಬೇಕಿತ್ತು? ಯಾವ ಪ್ರೋಗ್ರಾಮಿಗೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು ಎಂದು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿಜ್ಞಾನಿಗಳು 1975ರಲ್ಲೇ ಬರೆದಿದ್ದರು. ಪಾಲಿಸುವುದು ಕಷ್ಟ. ಹೊಸ ವ್ಯವಸ್ಥೆ ಕಟ್ಟುವಾಗ ಅನುಮತಿ ಸಾಲದೆ ಏನಾದರೊಂದು ನಿಂತುಹೋಗುತ್ತದೆ, ಗಡುವು ಹತ್ತಿರ ಬಂದಿರುತ್ತದೆ, ಯಾರೋ ‘ಸದ್ಯಕ್ಕೆ ಎಲ್ಲದಕ್ಕೂ ಅನುಮತಿ ಕೊಟ್ಟುಬಿಡಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಆ ‘ಆಮೇಲೆ’ ಬರುವುದೇ ಇಲ್ಲ.

ಸ್ವಂತ ಸರ್ವರ್ ಕೋಣೆಯಿಂದ ಕ್ಲೌಡ್‌ಗೆ ಹೊರಡುವ ಸಂಸ್ಥೆಗಳು ಮರೆಯುವುದು ಇಲ್ಲಿಯೇ. ಹಿಂದೆ ಒಂದು ಸರ್ವರನ್ನು ಇಂಟರ್ನೆಟ್‌ಗೆ ತೆರೆಯಬೇಕಾದರೆ ಖರೀದಿ ವಿಭಾಗ ಒಪ್ಪಬೇಕಿತ್ತು, ನೆಟ್‌ವರ್ಕ್‌ನವರು ಕೇಬಲ್ ಎಳೆಯಬೇಕಿತ್ತು, ಇನ್ನೊಬ್ಬರು ಫೈರ್‌ವಾಲ್ ನಿಯಮ ಬರೆಯಬೇಕಿತ್ತು. ವಾರಗಟ್ಟಲೆ ಎಳೆದಾಡುತ್ತಿದ್ದ ಆ ತಾಪತ್ರಯ ಎಲ್ಲರಿಗೂ ಬೇಸರ ತರಿಸಿತ್ತು ನಿಜ, ಆದರೆ ನಾಲ್ಕು ಜೋಡಿ ಕಣ್ಣುಗಳು ತಪ್ಪನ್ನು ನೋಡುವ ಅವಕಾಶವೂ ಅದರಲ್ಲಿತ್ತು. ಕ್ಲೌಡ್‌ನಲ್ಲಿ ಅದೇ ಕೆಲಸಕ್ಕೆ ಒಂದು ಕ್ಲಿಕ್ ಸಾಕು. ಟೊಯೋಟಾ 2023ರಲ್ಲಿ ಒಪ್ಪಿಕೊಂಡ ಸಂಗತಿ ನೋಡಿ: ಜಪಾನಿನ ಸುಮಾರು 21.5 ಲಕ್ಷ ಗ್ರಾಹಕರ ವಾಹನಗಳ ಮಾಹಿತಿ, ಅವು ಎಲ್ಲೆಲ್ಲಿ ಇದ್ದವು ಎಂಬುದೂ ಸೇರಿ, ತಪ್ಪು ಸೆಟ್ಟಿಂಗ್‌ನಿಂದಾಗಿ 2013ರ ನವೆಂಬರ್‌ನಿಂದ 2023ರ ಏಪ್ರಿಲ್‌ವರೆಗೆ ಯಾರಾದರೂ ನೋಡಬಹುದಾದಂತೆ ಇತ್ತು. ಹತ್ತಿರ ಹತ್ತಿರ ಹತ್ತು ವರ್ಷ ಯಾರೂ ಗಮನಿಸಿರಲಿಲ್ಲ.

ಇಂಥ ಕಡೆ ಕ್ಲೌಡ್ ಕಂಪನಿಯನ್ನು ದೂರಿ ಪ್ರಯೋಜನವಿಲ್ಲ. ಕಟ್ಟಡ, ಯಂತ್ರ, ವಿದ್ಯುತ್, ಕೆಳಗಿನ ತಂತ್ರಾಂಶ ಅವರ ಪಾಲು. ಒಳಗೆ ಏನಿಟ್ಟಿರಿ, ಯಾರಿಗೆ ಅನುಮತಿ ಕೊಟ್ಟಿರಿ ಎಂಬುದು ನಿಮ್ಮ ಪಾಲು. ಕರಾರಿನಲ್ಲಿ ಇದು ಸ್ಪಷ್ಟವಾಗಿಯೇ ಇರುತ್ತದೆ. ಆದರೂ ಪ್ರಕರಣ ದೊಡ್ಡದಾದಾಗ ಕಂಪನಿಗಳು ತಮ್ಮ ಪಾಲಿನಲ್ಲೂ ಒಂದಿಷ್ಟು ಬದಲಾಯಿಸುತ್ತವೆ. 2019ರ ನವೆಂಬರ್‌ನಲ್ಲಿ ಅಮೆಜಾನ್ ಆ ಒಳವಿಳಾಸಕ್ಕೆ ಹೊಸ ಆವೃತ್ತಿ ತಂದಿತು. ಮೊದಲು ಬೇರೆಯದೇ ರೀತಿಯ ಕೋರಿಕೆ ಕಳಿಸಿ ಟೋಕನ್ ಪಡೆಯಬೇಕು, ಆಮೇಲಷ್ಟೇ ಕೀಲಿ. ಮೋಸಹೋದ ಫೈರ್‌ವಾಲ್ ಸಾಮಾನ್ಯವಾಗಿ ಆ ಮೊದಲ ಹೆಜ್ಜೆ ಇಡಲಾರದು. 2023ರಿಂದ ಅಲ್ಲಿ ಕಡತ ಇಡಲು ಹೊಸದಾಗಿ ಮಾಡುವ ಸಂಗ್ರಹ ಬಕೆಟ್‌ಗಳು ತಾವಾಗಿಯೇ ಮುಚ್ಚಿರುತ್ತವೆ, ತೆರೆಯಬೇಕೆಂದರೆ ಬೇಕೆಂದೇ ತೆರೆಯಬೇಕು.

ಗೋಡೆ ಒಡೆದು ನುಗ್ಗುವವರಿಗಿಂತ ಪಾಸ್‌ವರ್ಡ್ ಹಿಡಿದು ಸಲೀಸಾಗಿ ಒಳಗೆ ಬರುವವರೇ ಕ್ಲೌಡ್‌ಗೆ ದೊಡ್ಡ ತಲೆನೋವು. 2024ರಲ್ಲಿ ಸ್ನೋಫ್ಲೇಕ್ ಎಂಬ ಡೇಟಾ ಸೇವೆಯ ಗ್ರಾಹಕ ಸಂಸ್ಥೆಗಳ ಖಾತೆಗಳಿಗೆ ಕಳ್ಳರು ನುಗ್ಗಿದರು. ಸುಮಾರು 165 ಸಂಸ್ಥೆಗಳಿಗೆ ಎಚ್ಚರಿಕೆ ಕಳಿಸಬೇಕಾಯಿತು. ಸ್ನೋಫ್ಲೇಕ್‌ನ ವ್ಯವಸ್ಥೆಯನ್ನು ಯಾರೂ ಭೇದಿಸಿರಲಿಲ್ಲ. ಪಾಸ್‌ವರ್ಡ್ ಕದಿಯುವ ಕುತಂತ್ರಾಂಶಗಳು ಬೇರೆ ಬೇರೆ ಕಂಪ್ಯೂಟರ್‌ಗಳಿಂದ ಹೆಕ್ಕಿದ್ದ ಪಾಸ್‌ವರ್ಡ್‌ಗಳು ಅವು. ಕೆಲವು 2020ರಲ್ಲೇ ಕದ್ದವು, ನಾಲ್ಕು ವರ್ಷವಾದರೂ ಬದಲಾಗಿರಲಿಲ್ಲ! ಕಳ್ಳರು ನುಗ್ಗಿದ ಖಾತೆಗಳಲ್ಲಿ ಪಾಸ್‌ವರ್ಡಿನ ಜತೆಗೆ ಇನ್ನೊಂದು ಗುರುತು ಕೇಳುವ ಎರಡನೇ ಹಂತದ ತಪಾಸಣೆಯನ್ನು ಚಾಲೂ ಮಾಡಿರಲಿಲ್ಲ. ಭದ್ರತೆಗೆಂದು ದುಬಾರಿ ಸಲಕರಣೆ ಕೊಳ್ಳುವ ಮುನ್ನ ಸಂಸ್ಥೆಗಳು ಇದೊಂದನ್ನು ಎಲ್ಲ ಖಾತೆಗಳಿಗೂ ಕಡ್ಡಾಯ ಮಾಡಿದರೆ ಸಾಕು ಎಂದೇ ನನಗೆ ಅನಿಸುತ್ತದೆ.

ಇನ್ನು ಬ್ಯಾಕಪ್ ವಿಷಯ. ಕೋಡ್ ಸ್ಪೇಸಸ್ ಎಂಬ ಕಂಪನಿ ಪ್ರೋಗ್ರಾಮರ್‌ಗಳ ಕೋಡನ್ನು ಕಾಪಾಡಿಕೊಡುವ ವ್ಯಾಪಾರ ನಡೆಸುತ್ತಿತ್ತು. 2014ರ ಜೂನ್‌ನಲ್ಲಿ ಯಾರೋ ಅದರ ಕ್ಲೌಡ್ ನಿಯಂತ್ರಣ ಫಲಕಕ್ಕೆ ನುಗ್ಗಿ ಹಣ ಕೇಳಿದರು. ಕಂಪನಿ ಹಿಡಿತ ಮರಳಿ ಪಡೆಯಲು ಹೊರಟದ್ದು ಕಂಡು ಒಂದೊಂದಾಗಿ ಅಳಿಸತೊಡಗಿದರು. ಬ್ಯಾಕಪ್‌ಗಳೂ ಅದೇ ಫಲಕದೊಳಗೇ ಇದ್ದವು, ಬಹುಪಾಲು ಅವೂ ಹೋದವು. ಸುಮಾರು ಅರ್ಧ ದಿನದೊಳಗೆ ಕಂಪನಿಯ ಕತೆ ಮುಗಿಯಿತು.

ಹತ್ತು ವರ್ಷದ ನಂತರ, 2024ರ ಮೇ ತಿಂಗಳಲ್ಲಿ, ಆಸ್ಟ್ರೇಲಿಯಾದ ಯೂನಿಸೂಪರ್ ಪಿಂಚಣಿ ನಿಧಿಯ ವ್ಯವಸ್ಥೆ ಗೂಗಲ್ ಕ್ಲೌಡ್‌ನಿಂದ ಇದ್ದಕ್ಕಿದ್ದಂತೆ ಮಾಯವಾಯಿತು. ಕಳ್ಳರ ಕೈವಾಡವೇನೂ ಇರಲಿಲ್ಲ. ವ್ಯವಸ್ಥೆ ಕಟ್ಟುವಾಗ ಗೂಗಲ್ ಸಿಬ್ಬಂದಿ ಒಂದು ಕಲಂ ಖಾಲಿ ಬಿಟ್ಟಿದ್ದರು. ಖಾಲಿ ಎಂದರೆ ಒಂದು ವರ್ಷದ ಅವಧಿ ಎಂದು ತಂತ್ರಾಂಶ ತಿಳಿಯಿತು, ಅವಧಿ ಮುಗಿದದ್ದೇ ಆ ವ್ಯವಸ್ಥೆಯನ್ನು ಅಳಿಸಿತು. ಎರಡು ಕಡೆ ನಕಲು ಇಟ್ಟಿದ್ದರೂ ಅಳಿಸುವ ಆಜ್ಞೆ ಎರಡಕ್ಕೂ ತಲುಪಿತು. 6 ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಒಂದು ವಾರಕ್ಕೂ ಮೀರಿ ತಮ್ಮ ಖಾತೆ ತೆರೆಯಲಾಗಲಿಲ್ಲ. ಆದರೆ ಯೂನಿಸೂಪರ್ ಇನ್ನೊಂದು ಕಂಪನಿಯ ಬಳಿಯೂ ಒಂದು ಪ್ರತಿ ಇಟ್ಟಿತ್ತು. ಅಳಿಸುವ ಆಜ್ಞೆ ಅಲ್ಲಿಗೆ ತಲುಪುವ ದಾರಿಯೇ ಇರಲಿಲ್ಲ.