ನಮ್ಮ ಕಾಲೇಜು ‘ಕಾರ್ಬನ್ ನ್ಯೂಟ್ರಲ್’ ಅಂತೆ, ನಂಬೋದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಗೇಟಿನ ಹತ್ತಿರ ‘ಕಾರ್ಬನ್ ನ್ಯೂಟ್ರಲ್ ಕ್ಯಾಂಪಸ್’ ಅಂತ ಹೊಸ ಬೋರ್ಡ್ ಬಂದಿದೆ. ಕೇಳಿದರೆ 500 ಮರ ಇವೆ, ಮಾಳಿಗೆ ಮೇಲೆ ಸೋಲಾರ್ ಇದೆ ಅನ್ನುತ್ತಾರೆ. ಅಷ್ಟು ಸಾಕಾ? ಈ ಲೆಕ್ಕ ಯಾರು ಮಾಡುತ್ತಾರೆ, ಸರಿ ಇದೆಯಾ ಅಂತ ಯಾರು ನೋಡುತ್ತಾರೆ?

ಉತ್ತರ: ಸಾಕಾಗಲ್ಲ. ಕಾರ್ಬನ್ ನ್ಯೂಟ್ರಲ್ ಅಂದರೆ ಬಿಟ್ಟ ಹಸಿರುಮನೆ ಅನಿಲವನ್ನು ಇಳಿಸಿ, ಉಳಿದದ್ದನ್ನು ಸರಿದೂಗಿಸಿ ಒಟ್ಟು ಲೆಕ್ಕ ಸೊನ್ನೆಗೆ ತರೋದು. ಮರದ ಲೆಕ್ಕವನ್ನೇ ಮೊದಲು ಮುಗಿಸಿಬಿಡೋಣ, ಯಾಕಂದ್ರೆ ಈ ಪ್ರಶ್ನೆ ಬಂದಾಗಲೆಲ್ಲ ಮರ ಬಂದೇ ಬರುತ್ತದೆ. ಬೆಳೆದ ಒಂದು ಮರ ವರ್ಷಕ್ಕೆ 20 ಕೆಜಿ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೀರುತ್ತದೆ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. ಜಾತಿ, ವಯಸ್ಸು, ಮಣ್ಣು ನೋಡಿ ಇದು ಹೆಚ್ಚು ಕಮ್ಮಿ ಆಗುತ್ತದೆ. 500 ಮರ ಅಂದರೆ 10 ಟನ್. ವರ್ಷಕ್ಕೆ 6 ಲಕ್ಷ ಯುನಿಟ್ ಕರೆಂಟ್ ಉರಿಸುವ ಒಂದು ಕ್ಯಾಂಪಸ್ ಅಂದುಕೊಳ್ಳಿ, ಹಾಸ್ಟೆಲ್, ಲ್ಯಾಬ್, ಒಂದಷ್ಟು ಏಸಿ ಇದ್ದರೆ ಇದೇನೂ ದೊಡ್ಡ ಅಂಕಿ ಅಲ್ಲ. ಆ 500 ಮರಗಳ ಇಡೀ ವರ್ಷದ ದುಡಿಮೆಯನ್ನು ಈ ಕ್ಯಾಂಪಸ್ಸಿನ ಕರೆಂಟ್ ಒಂಬತ್ತು ದಿನದಲ್ಲಿ ತಿಂದು ಹಾಕುತ್ತದೆ. ಮರ ಬೇಡ ಅಂತಲ್ಲ. ನೆರಳಿಗೆ ಬೇಕು, ಹಕ್ಕಿಗೆ ಬೇಕು, ನೀರು ಇಂಗಲು ಬೇಕು. ಆದರೆ 40 ವರ್ಷದ ಹಿಂದೆ ಯಾರೋ ನೆಟ್ಟ ಮರವನ್ನು ತೋರಿಸಿ ಈ ವರ್ಷದ ಕರೆಂಟ್ ಬಿಲ್ಲಿಗೆ ವಜಾ ಹಾಕೋದು ಲೆಕ್ಕ ಅಲ್ಲ.

ಇನ್ನು ಯಾರು ಮಾಡುತ್ತಾರೆ ಅನ್ನೋದು. ಕಾಲೇಜುಗಳು ವರ್ಷ ವರ್ಷ ಹಸಿರುಮನೆ ಅನಿಲದ ಲೆಕ್ಕ ಕೊಡಲೇಬೇಕು ಅನ್ನೋ ಕಾನೂನು ನಮ್ಮಲ್ಲಿಲ್ಲ. ಷೇರುಪೇಟೆಯ ದೊಡ್ಡ ಕಂಪನಿಗಳಿಗೆ ಸೆಬಿ ಅಂಥದ್ದೊಂದು ವರದಿ ಕಡ್ಡಾಯ ಮಾಡಿದೆ, ಕಾಲೇಜುಗಳಿಗೆ ಅದು ತಾಗುವುದಿಲ್ಲ. ಹತ್ತಿರ ಬರೋದು ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ, ನಮ್ಮ ನಾಗರಬಾವಿಯಲ್ಲೇ ಕಚೇರಿ ಇರುವ ನ್ಯಾಕ್. ಅದರ ಏಳನೇ ಮಾನದಂಡದಲ್ಲಿ ಗ್ರೀನ್ ಆಡಿಟ್, ಎನರ್ಜಿ ಆಡಿಟ್, ಪರಿಸರ ಆಡಿಟ್ ಮಾಡಿಸಿದ್ದೀರಾ ಅಂತ ಕೇಳುತ್ತಾರೆ. ಹಾಗಾಗಿ ಹೆಚ್ಚಿನ ಕಾಲೇಜುಗಳ ಹತ್ತಿರ ಒಂದು ಸರ್ಟಿಫಿಕೇಟ್ ಇರುತ್ತದೆ, ಫ್ರೇಮ್ ಹಾಕಿ ಪ್ರಾಂಶುಪಾಲರ ಕೋಣೆಯಲ್ಲಿ ನೇತು ಹಾಕಿರುತ್ತಾರೆ. ಅದು ಗ್ರೀನ್ ಆಡಿಟ್ ಸರ್ಟಿಫಿಕೇಟ್. ಮರ ಎಷ್ಟು, ಮಳೆನೀರು ಕೊಯ್ಲು ಇದೆಯಾ, ಹಸಿ ಕಸ ಒಣ ಕಸ ಬೇರೆ ಮಾಡ್ತೀರಾ, ಎಲ್‌ಇಡಿ ಹಾಕಿದ್ದೀರಾ, ಇವನ್ನು ನೋಡಿ ಕೊಟ್ಟಿದ್ದು. ಎಷ್ಟು ಟನ್ ಅನಿಲ ಬಿಟ್ಟಿರಿ ಅಂತ ಲೆಕ್ಕ ಹಾಕಿ, ಆ ಲೆಕ್ಕವನ್ನು ಹೊರಗಿನವರು ತಾಳೆ ನೋಡೋದು ಬೇರೆಯೇ ಕೆಲಸ. ಎರಡೂ ಒಂದೇ ಅಂತ ಕಾಲೇಜಿನವರೂ ಅಂದುಕೊಂಡಿರುತ್ತಾರೆ.

ಲೆಕ್ಕ ಹಾಕುವ ವಿಧಾನ ಬಹಳ ಕಡೆ ಒಂದೇ, ಜಿಎಚ್‌ಜಿ (ಹಸಿರುಮನೆ ಅನಿಲ) ಪ್ರೋಟೋಕಾಲ್ ಅಂತ. ಮೊದಲ ಆವೃತ್ತಿ 2001ರಲ್ಲಿ ಬಂತು. ಅದು ಮೂರು ಕಟ್ಟು ಮಾಡುತ್ತದೆ. ನಿಮ್ಮ ಕಾಂಪೌಂಡಿನೊಳಗೆ ನೀವೇ ಸುಟ್ಟಿದ್ದು ಮತ್ತು ಸೋರಿಸಿದ್ದು ಸ್ಕೋಪ್ 1: ಜನರೇಟರಿನ ಡೀಸೆಲ್, ಮೆಸ್ಸಿನ ಸಿಲಿಂಡರ್, ಕಾಲೇಜಿನ ಸ್ವಂತ ಬಸ್ಸು, ಏಸಿಯ ಗ್ಯಾಸ್. ಹೊರಗಿಂದ ಕೊಂಡ ಕರೆಂಟ್ ಸ್ಕೋಪ್ 2. ಉಳಿದದ್ದೆಲ್ಲ ಸ್ಕೋಪ್ 3: ವಿದ್ಯಾರ್ಥಿಗಳ ಓಡಾಟ, ನೀರು, ಕಸ, ಪೇಪರು, ಸಿಬ್ಬಂದಿಯ ವಿಮಾನ ಪ್ರಯಾಣ, ಕಟ್ಟಡದ ಸಿಮೆಂಟು. ಬೋರ್ಡ್ ಹಾಕಿದವರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಯಾವ ಸ್ಕೋಪ್‌ಗೆ ನ್ಯೂಟ್ರಲ್? ಬರೀ ಒಂದು ಮತ್ತು ಎರಡು ಅಂದರೆ ಬೋರ್ಡಿನಲ್ಲಿ ಅದೂ ಇರಬೇಕಲ್ವಾ?

ಈಗ ಕರೆಂಟ್. ಸುಲಭ ಅನ್ನಿಸುತ್ತದೆ, ಆದರೆ ತಪ್ಪು ಜಾಸ್ತಿ ಆಗೋದು ಇಲ್ಲೇ. ದೊಡ್ಡ ಕ್ಯಾಂಪಸ್ಸಿಗೆ ಎಚ್‌ಟಿ (ಹೈ ಟೆನ್ಷನ್) ಸಂಪರ್ಕ ಇರುತ್ತದೆ. ಬೆಸ್ಕಾಂ ಬಿಲ್ಲಿನಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಇರುತ್ತವೆ. ಮನೆ ಬಿಲ್ಲಿನ ಹಾಗೆ ಒಂದರಿಂದ ಇನ್ನೊಂದು ಕಳೆದರೆ ಯುನಿಟ್ ಸಿಕ್ಕಿಬಿಡುವುದಿಲ್ಲ, ಅದನ್ನು ಮೀಟರ್ ಕಾನ್‌ಸ್ಟಂಟ್‌ನಿಂದ ಗುಣಿಸಬೇಕು. ವ್ಯತ್ಯಾಸ 100 ಇದ್ದು ಕಾನ್‌ಸ್ಟಂಟ್ 500 ಇದ್ದರೆ ಬಳಸಿದ್ದು 50,000 ಯುನಿಟ್. ಎಕ್ಸೆಲ್‌ನಲ್ಲಿ ಆ 100 ಅನ್ನೇ ತುಂಬಿದರೆ ಕ್ಯಾಂಪಸ್ ಒಂದೇ ರಾತ್ರಿಯಲ್ಲಿ ಹಸಿರಾಗುತ್ತದೆ. ಆಮೇಲೆ ಆರ್‌ಆರ್ ನಂಬರ್, ಅಂದರೆ ಒಂದೊಂದು ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ, ಎಷ್ಟಿವೆ ಅಂತ ನೋಡಿ. ಮುಖ್ಯ ಕಟ್ಟಡಕ್ಕೊಂದು, ಹಾಸ್ಟೆಲ್‌ಗೊಂದು, ಬೋರ್‌ವೆಲ್ ಪಂಪಿಗೊಂದು ಬೇರೆ ಬೇರೆ ಇರಬಹುದು. ಅಕೌಂಟ್ಸ್ ವಿಭಾಗದಲ್ಲಿ ಪಾವತಿಯಾಗುವ ಬಿಲ್ಲುಗಳೆಷ್ಟು, ವರದಿಯಲ್ಲಿ ಕಾಣುವ ಬಿಲ್ಲುಗಳೆಷ್ಟು, ಎರಡೂ ಕೂಡಬೇಕು. ಕ್ಯಾಂಪಸ್ಸಿನ ಎಟಿಎಂ, ಮಾಳಿಗೆ ಮೇಲಿನ ಮೊಬೈಲ್ ಟವರ್, ಗುತ್ತಿಗೆ ಕ್ಯಾಂಟೀನ್ ಇವಕ್ಕೆ ಸಬ್‌ಮೀಟರ್ ಇದ್ದರೆ ಬಿಡಬಹುದು, ಆದರೆ ಬಿಟ್ಟಿದ್ದೀವಿ ಅಂತ ಬರೆದಿಡಬೇಕು.

ಯುನಿಟ್ಟಿಗೆ ಎಷ್ಟು ಅನಿಲ? ಕೇಂದ್ರ ವಿದ್ಯುತ್ ಪ್ರಾಧಿಕಾರ ವರ್ಷ ವರ್ಷ ಒಂದು ಪಟ್ಟಿ ಹೊರಡಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ಯುನಿಟ್ಟಿಗೆ 0.7 ಕೆಜಿ ಹತ್ತಿರ ಇದೆ. ಹಳೇ ಪಟ್ಟಿಗಳಲ್ಲಿ 0.82 ಅನ್ನೋ ಅಂಕಿ ಕಾಣುತ್ತದೆ. ಹೋಲಿಕೆಯ ಮೊದಲ ವರ್ಷಕ್ಕೆ ಆ 0.82 ಹಿಡಿದು, ಈ ವರ್ಷಕ್ಕೆ 0.7 ಹಿಡಿದರೆ ಒಂದು ಫ್ಯಾನೂ ಆರಿಸದೆ ನೂರಕ್ಕೆ ಹದಿನಾಲ್ಕರಷ್ಟು ‘ಕಡಿತ’ ಆಗಿಬಿಡುತ್ತದೆ! ಯಾವ ವರ್ಷದ ಅಂಕಿ ಅಂತ ಕೇಳಿ.

ಇಲ್ಲಿ ಒಂದು ತಕರಾರು ಯಾವಾಗಲೂ ಬರುತ್ತದೆ. ನಮ್ಮ ಕರ್ನಾಟಕದ ಕರೆಂಟ್ ಶರಾವತಿಯದ್ದು, ಪಾವಗಡದ ಸೋಲಾರಿನದ್ದು, ಕಲ್ಲಿದ್ದಲಿನ ಲೆಕ್ಕ ನಮಗ್ಯಾಕೆ ಅಂತ. ಕೇಳೋಕೆ ನ್ಯಾಯವಾಗೇ ಇದೆ. ಆದರೆ 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಸೇರಿಕೊಂಡಿತು. ಈಗ ಇಡೀ ದೇಶಕ್ಕೆ ಒಂದೇ ಗ್ರಿಡ್, ಅಂಕಿಯೂ ಒಂದೇ. ನಿಮ್ಮ ಸ್ವಿಚ್ಚಿಗೆ ಬಂದ ಕರೆಂಟು ಯಾವ ಊರಿನದ್ದು ಅಂತ ಹಣೆಪಟ್ಟಿ ಇರಲ್ಲ. ಬೆಸ್ಕಾಂಗೆ ಸ್ವಲ್ಪ ಹೆಚ್ಚು ಹಣ ಕೊಟ್ಟು, ಹಸಿರು ಮೂಲದ ಕರೆಂಟಿನ ಗ್ರೀನ್ ಟ್ಯಾರಿಫ್ ತಗೊಂಡಿದ್ದರೆ ಅದನ್ನು ತೋರಿಸಬಹುದು. ಆಗಲೂ ಎರಡು ಅಂಕಿ ಕೊಡಿ ಅನ್ನುತ್ತದೆ ಜಿಎಚ್‌ಜಿ ಪ್ರೋಟೋಕಾಲ್: ಗ್ರಿಡ್ ಸರಾಸರಿಯಲ್ಲಿ ಒಂದು, ಒಪ್ಪಂದದ ಪ್ರಕಾರ ಇನ್ನೊಂದು.

ಸೋಲಾರ್‌ಗೂ ಇದೇ ಮಾತು. ಬೆಂಗಳೂರಿನ ಬಿಸಿಲಿಗೆ 100 ಕಿಲೋವಾಟ್ ಪ್ಯಾನೆಲ್ ವರ್ಷಕ್ಕೆ ಸುಮಾರು 1.4 ಲಕ್ಷ ಯುನಿಟ್ ಕೊಡುತ್ತದೆ. ಅದನ್ನು ಕ್ಯಾಂಪಸ್ಸೇ ಬಳಸಿದರೆ ಬೆಸ್ಕಾಂ ಬಿಲ್ಲು ತಾನಾಗೇ ಇಳಿದಿರುತ್ತದೆ. ಇಳಿದ ಬಿಲ್ಲಿನಿಂದ ಮತ್ತೆ ಸೋಲಾರ್ ಕಳೆದರೆ ಒಂದೇ ಯುನಿಟ್ಟನ್ನು ಎರಡು ಸಲ ಕಳೆದ ಹಾಗಾಯಿತು. ಹುಟ್ಟಿದ ಕರೆಂಟನ್ನೆಲ್ಲ ಬೆಸ್ಕಾಂಗೆ ಮಾರುವ ಒಪ್ಪಂದ ಇದ್ದರಂತೂ ಆ ಹಸಿರು ನಿಮ್ಮದಲ್ಲ, ಕೊಂಡವರದ್ದು.

ನನಗೆ ತುಂಬಾ ಇಷ್ಟದ ದಾಖಲೆ ಡಿಜಿ (ಡೀಸೆಲ್ ಜನರೇಟರ್) ಲಾಗ್‌ಬುಕ್. ಜನರೇಟರ್ ರೂಮಿನಲ್ಲಿ ಎಣ್ಣೆ ಕಲೆಯಾದ ಒಂದು ಉದ್ದ ಪುಸ್ತಕ ಇರುತ್ತದಲ್ಲ, ಅದು. ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು, ಅವರ್ ಮೀಟರ್, ಹಾಕಿದ ಡೀಸೆಲ್. ನಿಜವಾಗಿ ದಿನ ದಿನ ಬರೆದ ಪುಸ್ತಕದಲ್ಲಿ ಅಕ್ಷರ ಬದಲಾಗುತ್ತದೆ, ಪೆನ್ನು ಬದಲಾಗುತ್ತದೆ, ಮಳೆಗಾಲದ ಸಂಜೆಗಳಲ್ಲಿ ಸಾಲುಗಳು ಒತ್ತಾಗಿ ಬರುತ್ತವೆ. ಮೂರು ತಿಂಗಳು ಒಂದೇ ನೀಲಿ ಪೆನ್ನಿನಲ್ಲಿ, ದಿನಾ ಸರಿಯಾಗಿ 20 ನಿಮಿಷ ಅಂತ ಇದ್ದರೆ ತಪಾಸಣೆಗೆ ಹಿಂದಿನ ದಿನ ಕೂತು ಬರೆದದ್ದು ಅಂತಲೇ ಅರ್ಥ. ತಾಳೆ ನೋಡೋದೂ ಕಷ್ಟ ಅಲ್ಲ. ಒಂದು ಲೀಟರ್ ಡೀಸೆಲ್‌ಗೆ ಜನರೇಟರ್ 3ರಿಂದ 3.5 ಯುನಿಟ್ ಕೊಡುತ್ತದೆ. ಡಿಜಿ ಮೀಟರಿನಲ್ಲಿ 18,000 ಯುನಿಟ್ ಓಡಿದ್ದರೆ 5,000-6,000 ಲೀಟರ್ ಡೀಸೆಲ್ ಬಿಲ್ ಇರಲೇಬೇಕು. 2,000 ಲೀಟರಿಗೆ ಮಾತ್ರ ಬಿಲ್ ಇದೆ ಅಂದರೆ ಉಳಿದ ಬಿಲ್ ಎಲ್ಲಿ ಅಂತ ಕೇಳಬೇಕು. ಲೀಟರಿಗೆ ಸುಮಾರು 2.7 ಕೆಜಿ ಅನಿಲ, ಹಾಗಾಗಿ 6,000 ಲೀಟರ್ ಅಂದರೆ 16 ಟನ್. ಮೆಸ್ಸಿನ 19 ಕೆಜಿ ಸಿಲಿಂಡರ್ ಒಂದಕ್ಕೆ 57 ಕೆಜಿ. ತಿಂಗಳಿಗೆ 30 ಸಿಲಿಂಡರ್ ಆದರೆ ವರ್ಷಕ್ಕೆ 20 ಟನ್ ಚಿಲ್ಲರೆ.

ಎಲ್ಲರೂ ಮರೆಯೋದು ಏಸಿ ಗ್ಯಾಸು. ಆರ್-410ಎ ಅನ್ನೋ ಗ್ಯಾಸ್ ಒಂದು ಕೆಜಿ ಸೋರಿದರೆ ಎರಡು ಸಾವಿರ ಕೆಜಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟೇ ಕೇಡು. ವರ್ಷಕ್ಕೆ 10 ಕೆಜಿ ತುಂಬಿಸಿದರೆ 20 ಟನ್ ದಾಟಿತು, ಅಂದರೆ ಇಡೀ ವರ್ಷ ಗುಡುಗುಟ್ಟಿದ ಜನರೇಟರಿಗಿಂತ ಜಾಸ್ತಿ. ಆದರೆ ಸರ್ವಿಸ್‌ನವರ ಬಿಲ್ಲಿನಲ್ಲಿ ಏನಿರುತ್ತದೆ? ‘ಗ್ಯಾಸ್ ಟಾಪ್‌ಅಪ್, 1 ಜಾಬ್’. ಎಷ್ಟು ಕೆಜಿ, ಯಾವ ಗ್ಯಾಸ್, ಒಂದೂ ಇಲ್ಲ. ಕೆಜಿ ಬರೆಯದ ಬಿಲ್ ಪಾಸ್ ಮಾಡಲ್ಲ ಅಂತ ಅಕೌಂಟ್ಸ್‌ನವರು ಒಂದು ಮಾತು ಹೇಳಿದರೆ ಮುಗಿಯಿತು. ಹಳೇ ಏಸಿಗಳ ಆರ್-22 ಕೂಡ ಬಿಸಿ ಏರಿಸುವುದೇ, ಆದರೆ ಅದು ಮಾಂಟ್ರಿಯಲ್ ಒಪ್ಪಂದದ ಕೆಳಗೆ ಬರುವುದರಿಂದ ಮೂರು ಸ್ಕೋಪ್‌ಗಳ ಹೊರಗೆ, ಪ್ರತ್ಯೇಕವಾಗಿ ತೋರಿಸುತ್ತಾರೆ. ಹೊರಗೆ ಅಂದಮಾತ್ರಕ್ಕೆ ಬಿಟ್ಟುಬಿಡಿ ಅಂತಲ್ಲ.

ಓಡಾಟದ ವಿಷಯಕ್ಕೆ ಬಂದರೆ ಬೆಂಗಳೂರಿನ ಕಾಲೇಜುಗಳಿಗೆ ನಿಜವಾದ ಬಿಸಿ ಮುಟ್ಟುತ್ತದೆ. ಸಾವಿರ ವಿದ್ಯಾರ್ಥಿಗಳು ಸ್ಕೂಟರು ಬೈಕಿನಲ್ಲಿ ದಿನಕ್ಕೆ ಹೋಗಿ ಬರುವ 20 ಕಿಲೋಮೀಟರ್, ವರ್ಷಕ್ಕೆ 200 ದಿನ ಓಡಾಡಿದರೆ 40 ಲಕ್ಷ ಕಿಲೋಮೀಟರ್. ಲೀಟರಿಗೆ 45 ಮೈಲೇಜ್ ಅಂತ ಹಿಡಿದರೂ ಸುಮಾರು 89,000 ಲೀಟರ್ ಪೆಟ್ರೋಲ್, 200 ಟನ್ ದಾಟುತ್ತದೆ. 6 ಲಕ್ಷ ಯುನಿಟ್ ಕರೆಂಟಿನ 420 ಟನ್ನಿನ ಅರ್ಧದಷ್ಟು! ಸಿಲ್ಕ್ ಬೋರ್ಡ್ ಕಡೆ ನಿಂತಲ್ಲೇ ಉರಿಸುವ ಪೆಟ್ರೋಲಿಗೆ 45ರ ಮೈಲೇಜ್ ಸಿಗುತ್ತಾ ಅನ್ನೋದು ಬೇರೆ ಮಾತು. ಇದನ್ನು ಸಾಮಾನ್ಯವಾಗಿ ಗೂಗಲ್ ಫಾರ್ಮ್ ಕಳಿಸಿ ಲೆಕ್ಕ ಹಾಕುತ್ತಾರೆ. ಫಾರ್ಮ್ ತುಂಬಿದವರಲ್ಲಿ ಮುಕ್ಕಾಲು ಪಾಲು ಮೆಟ್ರೋ, ಬಿಎಂಟಿಸಿ ಅಂತ ಹಾಕಿದ್ದರೆ, ಬೆಳಿಗ್ಗೆ ಹತ್ತು ಗಂಟೆಗೆ ಪಾರ್ಕಿಂಗ್‌ಗೆ ಹೋಗಿ ಬೈಕ್ ಎಣಿಸಿ ಬನ್ನಿ. ಎರಡು ದಿನ ಎಣಿಸಿದರೆ ಸಾಕು, ಫಾರ್ಮ್ ನಂಬಬಹುದೋ ಇಲ್ಲವೋ ಗೊತ್ತಾಗುತ್ತದೆ.

ನೀರೂ ಇದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ ಸುಮಾರು ನೂರು ಕಿಲೋಮೀಟರ್ ಬರುತ್ತದೆ, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತುತ್ತದೆ. ಸಾವಿರ ಲೀಟರ್ ಅಷ್ಟು ಮೇಲೆತ್ತಲು ಬರೀ ಭೌತಶಾಸ್ತ್ರದ ಲೆಕ್ಕದಲ್ಲೇ 1.4 ಯುನಿಟ್ ಬೇಕು, ಪಂಪಿನ ನಷ್ಟ ಬೇರೆ. ದಿನಕ್ಕೆ ಲಕ್ಷ ಲೀಟರ್ ಬಳಸುವ ಹಾಸ್ಟೆಲ್ ಇದ್ದರೆ ವರ್ಷಕ್ಕೆ 35 ಟನ್ನಿಗೂ ಮೇಲೆ. ನಲ್ಲಿ ಸೋರುತ್ತಿದ್ದರೆ ನೀರಿನ ಜೊತೆ ಕರೆಂಟೂ ಹೋಗುತ್ತಿದೆ ಅಂತ ಲೆಕ್ಕ.

ಹಾಗಾದರೆ ಸರಿ ಇದೆ ಅಂತ ಹೇಳುವವರು ಯಾರು? ಐಎಸ್‌ಒ 14064 ಅನ್ನೋ ಅಂತಾರಾಷ್ಟ್ರೀಯ ಮಾನದಂಡದ ಒಂದನೇ ಭಾಗ ಲೆಕ್ಕ ಬರೆಯುವವರಿಗೆ, ಮೂರನೇ ಭಾಗ ತಪಾಸಣೆ ಮಾಡುವವರಿಗೆ. ನಮ್ಮಲ್ಲಿ ತಪಾಸಣೆ ಸಂಸ್ಥೆಗಳಿಗೆ ಮಾನ್ಯತೆ ಕೊಡೋದು ಎನ್‌ಎಬಿಸಿಬಿ ಅನ್ನೋ ರಾಷ್ಟ್ರೀಯ ಮಂಡಳಿ. ಲೆಕ್ಕ ಬರೆದುಕೊಟ್ಟ ಸಲಹೆಗಾರರೇ ಸರ್ಟಿಫಿಕೇಟೂ ಕೊಟ್ಟಿದ್ದರೆ ಅದನ್ನು ತಪಾಸಣೆ ಅನ್ನಲು ಬರುವುದಿಲ್ಲ, ವಿದ್ಯಾರ್ಥಿಯೇ ತನ್ನ ಉತ್ತರಪತ್ರಿಕೆ ತಿದ್ದಿಕೊಂಡ ಹಾಗೆ. ತಪಾಸಣೆಯಲ್ಲೂ ಎರಡು ಮಟ್ಟ. ಲಿಮಿಟೆಡ್ ಅಶ್ಯೂರೆನ್ಸ್ ಅಂದರೆ ‘ನಾವು ನೋಡಿದಷ್ಟರಲ್ಲಿ ದೊಡ್ಡ ತಪ್ಪು ಕಣ್ಣಿಗೆ ಬೀಳಲಿಲ್ಲ’ ಅಂತ. ರೀಸನಬಲ್ ಅಶ್ಯೂರೆನ್ಸ್ ಅಂದರೆ ಇನ್ನೂ ಆಳಕ್ಕೆ ಹೋಗಿ, ‘ಲೆಕ್ಕ ಸರಿ ಇದೆ’ ಅಂತ ಹೇಳೋದು. ಖರ್ಚೂ ಜಾಸ್ತಿ. ಅಮೆರಿಕದಲ್ಲಿ 2007ರಿಂದಲೇ ಕಾಲೇಜುಗಳ ಮುಖ್ಯಸ್ಥರು ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿ ಲೆಕ್ಕ ಪ್ರಕಟಿಸುತ್ತಿದ್ದಾರೆ, ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಸಿಮ್ಯಾಪ್ ಅನ್ನೋ ಸಾಧನವನ್ನು ಕ್ಯಾಂಪಸ್‌ಗಳಿಗೆಂದೇ ಮಾಡಿದ್ದಾರೆ. ಅಲ್ಲೂ ಹೆಚ್ಚಿನದು ಕಾಲೇಜುಗಳು ತಾವೇ ಹೇಳಿಕೊಂಡ ಅಂಕಿ. ಆದರೆ ವರ್ಷ ವರ್ಷ ಬಹಿರಂಗವಾಗಿ ಇಡುವುದರಿಂದ ಯಾರು ಬೇಕಾದರೂ ಕೆದಕಬಹುದು. ನನ್ನ ಪ್ರಕಾರ ಫ್ರೇಮ್ ಹಾಕಿದ ಸರ್ಟಿಫಿಕೇಟಿಗಿಂತ ಅದೇ ಮೇಲು.

ಹೋಲಿಕೆಯ ವರ್ಷವನ್ನೂ ಸುಮ್ನೆ ಬಿಡಬೇಡಿ. 2019-20ಕ್ಕೆ ಹೋಲಿಸಿ 2020-21ರಲ್ಲಿ ಅರ್ಧಕ್ಕರ್ಧ ಇಳಿಸಿದೆವು ಅಂದರೆ, ಆ ವರ್ಷ ಕೊರೊನಾಗೆ ಕ್ಯಾಂಪಸ್ಸೇ ಮುಚ್ಚಿತ್ತು. ಇನ್ನು ‘ನ್ಯೂಟ್ರಲ್’ ಅನ್ನೋ ಮಾತಿಗೂ 2023ರಲ್ಲಿ ಬಂದ ಐಎಸ್‌ಒ 14068-1 ಇದೆ. ಮೊದಲು ಇಳಿಸಿ, ಇಳಿಸಲು ಆಗದೆ ಉಳಿದದ್ದಕ್ಕೆ ಮಾತ್ರ ಕಾರ್ಬನ್ ಕ್ರೆಡಿಟ್ (ಬೇರೆ ಕಡೆ ಇಳಿಸಿದ ಅಥವಾ ಹೀರಿಸಿದ ಅನಿಲದ ಪ್ರಮಾಣಪತ್ರ) ಕೊಳ್ಳಿ ಅನ್ನುತ್ತದೆ ಅದು.

ನೀವು ಮಾಡಬಹುದಾದದ್ದು ಇಷ್ಟು. ನ್ಯಾಕ್‌ಗೆ ಕೊಟ್ಟ ಸ್ವಯಂ ಅಧ್ಯಯನ ವರದಿ, ವರ್ಷದ ಎಕ್ಯೂಎಆರ್ (ವಾರ್ಷಿಕ ಗುಣಮಟ್ಟ ಖಾತ್ರಿ ವರದಿ) ಎರಡನ್ನೂ ಕಾಲೇಜಿನ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ, ಏಳನೇ ಮಾನದಂಡ ತೆಗೆದು ಓದಿ. ಟನ್ ಲೆಕ್ಕ ಇದೆಯಾ, ಬರೀ ಮರದ ಫೋಟೋ ಇದೆಯಾ ನೋಡಿ. ಆಮೇಲೆ ಇಕೋ ಕ್ಲಬ್‌ನ ಮೇಷ್ಟ್ರ ಮೂಲಕ 12 ತಿಂಗಳ ಎಲ್ಲಾ ಆರ್‌ಆರ್ ನಂಬರಿನ ಬಿಲ್ಲು, ಡಿಜಿ ಲಾಗ್‌ಬುಕ್, ಸಿಲಿಂಡರ್ ಬಿಲ್ಲು, ಏಸಿ ಸರ್ವಿಸ್ ಬಿಲ್ಲು ಕೇಳಿ. ಸರ್ಕಾರಿ ಅಥವಾ ಅನುದಾನಿತ ಕಾಲೇಜಾದರೆ ಮಾಹಿತಿ ಹಕ್ಕಿನಲ್ಲೂ ಅರ್ಜಿ ಹಾಕಬಹುದು, ಆದರೆ ಮೊದಲು ಮೇಷ್ಟ್ರನ್ನೇ ಕೇಳಿ, ಬಹಳ ಸಲ ಅವರಿಗೂ ಈ ಬಿಲ್ಲುಗಳನ್ನು ಯಾರೂ ತೋರಿಸಿರುವುದಿಲ್ಲ.