ಕೊನೆಗೌಡನ 11 ಸೆಕೆಂಡು

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಸಾಗರದ ಹತ್ತಿರ ನಮ್ಮ ಅಕ್ಕನ ತೋಟದಲ್ಲಿ ಅವಳ ಮಗ ಒಂದು ವಿಡಿಯೋ ಮಾಡಿದ. ಬರೀ 11 ಸೆಕೆಂಡಿನದು. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರದ ತುದಿಯಲ್ಲಿ ಕೂತು, ಮರವನ್ನೇ ಹಿಂದೆ ಮುಂದೆ ತೂಗಿ, ಪಕ್ಕದ ಮರವನ್ನು ಕೈಗೆ ಎಳೆದುಕೊಂಡು ಹಾಗೇ ಅದಕ್ಕೆ ದಾಟಿಬಿಡುತ್ತಾನೆ. ಕೆಳಗಿನಿಂದ ಅಕ್ಕ "ಅಯ್ಯೋ ಮಾರಾಯ!" ಅಂತ ಕೂಗಿದ್ದೂ ಕೇಳುತ್ತದೆ. ಮೂರು ವಾರವಾದರೂ ಇನ್ನೂರೈವತ್ತು ವ್ಯೂ ದಾಟಲಿಲ್ಲ, ಅದರಲ್ಲಿ ಅರ್ಧ ನೆಂಟರದ್ದೇ. ಆಮೇಲೆ ಯಾವುದೋ ದೊಡ್ಡ ಪೇಜಿನವರು ಹೇಳದೇ ಕೇಳದೇ ಎತ್ತಿ ಹಾಕಿಕೊಂಡರು ನೋಡಿ, ಎರಡೇ ದಿನಕ್ಕೆ ನಾಲ್ಕು ಲಕ್ಷ. ಊರೆಲ್ಲ "ವೈರಲ್ ಆಯ್ತಂತೆ" ಅಂತ ಮಾತು.

ವೈರಲ್ ಅಂದ್ರೆ ವೈರಸ್ಸಿನ ಹಾಗೆ ಒಬ್ಬರಿಂದ ಒಬ್ಬರಿಗೆ ಹರಡೋದು, ಅಲ್ವಾ? ಲೆಕ್ಕ ಸುಲಭ. 100 ಜನ ನೋಡಿದರು, ಅವರಿಂದ 90 ಜನಕ್ಕೆ ಹೋಯಿತು, ಆ 90ರಿಂದ 81... ಹೀಗೆ ಇಳಿಯುತ್ತಾ ಹೋದರೆ ಒಟ್ಟು ಸಾವಿರ ಜನ ನೋಡುವಷ್ಟರಲ್ಲಿ ದೀಪ ಆರುತ್ತದೆ. ಅದೇ 100ರಿಂದ 110, 110ರಿಂದ 121 ಅಂತ ಚೂರೇ ಚೂರು ಏರಿದರೆ ಐವತ್ತನೇ ಸುತ್ತಿನಲ್ಲೇ ಸುಮಾರು 11,700 ಹೊಸಬರು ಸಿಗುತ್ತಾರೆ. ವಾಟ್ಸಾಪ್‌ನವರು 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂದದ್ದು, 2020ರಲ್ಲಿ ತುಂಬಾ ಸಲ ಓಡಾಡಿದ ಮೆಸೇಜ್ ಆದರೆ ಒಂದೇ ಚಾಟ್‌ಗೆ ಅಂದದ್ದು ಈ ಏರಿಕೆಯ ಕಾಲು ಮುರಿಯೋಕೇ.

ಆದರೆ ನಮ್ಮ ಕಡೆಯವರಿಗೆ ಇನ್ನೊಂದು ವೈರಸ್ ಗೊತ್ತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಸಿಕ್ಕಿದ ಮಂಗನ ಕಾಯಿಲೆ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿದವರಿಗೆ ಬರುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಭಯ ಇರೋದು ಮಂಗ ಸತ್ತು ಬಿದ್ದ ಜಾಗದಲ್ಲಿ. ಅದರ ಮೈಮೇಲಿನ ಉಣುಗುಗಳೆಲ್ಲ ಸುತ್ತ ಉದುರಿರುತ್ತವೆ, ಸೊಪ್ಪಿಗೋ ದರಗಿಗೋ ಅಂತ ಆ ಕಡೆ ಹೋದವರಿಗೆಲ್ಲ ಹತ್ತುತ್ತವೆ. ಒಂದೇ ಕಡೆಯಿಂದ ಹತ್ತು ಜನಕ್ಕೆ, ಆ ಹತ್ತು ಜನರಿಂದ ಮುಂದೆ ಯಾರಿಗೂ ಇಲ್ಲ.

ನಾವು ವೈರಲ್ ಅನ್ನೋ ವಿಡಿಯೋಗಳಲ್ಲಿ ಬಹಳಷ್ಟು ಈ ಜಾತಿಯವು. ಸಂಶೋಧಕ ಶರದ್ ಗೋಯಲ್ ಮತ್ತು ಜೊತೆಗಾರರು ಟ್ವಿಟ್ಟರ್‌ನಲ್ಲಿ ಸುದ್ದಿ, ಚಿತ್ರ, ವಿಡಿಯೋಗಳು ಸುಮಾರು 100 ಕೋಟಿ ಸಲ ಹರಡಿದ್ದರ ಜಾಡು ಹಿಡಿದು 2016ರಲ್ಲಿ ಬರೆದರು. ಬಹುತೇಕ ಎಲ್ಲವೂ ಹುಟ್ಟಿದಲ್ಲೇ ಸತ್ತಿದ್ದವು. ದೊಡ್ಡದಾಗಿ ಹರಡಿದವು ಕೂಡ ಕೈಯಿಂದ ಕೈಗೆ ದಾಟಿಯೇ ಹರಡಬೇಕೆಂದಿರಲಿಲ್ಲ, ಎಷ್ಟೋ ಸಲ ಲಕ್ಷಾಂತರ ಜನ ಹಿಂಬಾಲಿಸುವ ಒಂದೇ ಖಾತೆ ಒಂದೇ ಏಟಿಗೆ ಚೆಲ್ಲಿದ್ದು. ನಮ್ಮ ಕೊನೆಗೌಡನ ವಿಷಯದಲ್ಲಿ ಆ ಪೇಜೇ ಸತ್ತ ಮಂಗ. (ಪೇಜಿನವರು ಬೇಜಾರು ಮಾಡ್ಕೋಬಾರದು, ಕೇಳದೇ ಎತ್ತಿಕೊಂಡದ್ದಕ್ಕೆ ಇಷ್ಟಾದರೂ ಅನ್ನಬೇಕಲ್ಲ.)

ಹಾಗಾದರೆ ಪೇಜಿನವರ ಕಣ್ಣಿಗೆ ಇದೇ ಯಾಕೆ ಬಿತ್ತು? ಅಮೆರಿಕದ ಸಂಶೋಧಕರಾದ ಜೋನಾ ಬರ್ಗರ್, ಕ್ಯಾಥರೀನ್ ಮಿಲ್ಕ್‌ಮನ್ ಇಬ್ಬರೂ ನ್ಯೂಯಾರ್ಕ್ ಟೈಮ್ಸ್‌ನ ಹತ್ತಿರ ಹತ್ತಿರ 7,000 ಬರಹ ಹಿಡಿದು, ಜನ ಯಾವುದನ್ನು ಜಾಸ್ತಿ ಇಮೇಲ್ ಮಾಡುತ್ತಾರೆ ಅಂತ ನೋಡಿದರು. 2012ರಲ್ಲಿ ಅದು ಪ್ರಕಟವಾಯಿತು. ಬೆರಗು, ಸಿಟ್ಟು, ಆತಂಕ ಹುಟ್ಟಿಸುವಂಥವು ಓಡುತ್ತವೆ. ದುಃಖದ್ದು ಅಷ್ಟು ಓಡುವುದಿಲ್ಲ. ಮೈ ಜುಮ್ ಅಂದರೆ, ರಕ್ತ ಕುದಿದರೆ ಕೈ ಸುಮ್ಮನಿರದು. ದುಃಖಕ್ಕೆ ಮೈ ಸೋಲುತ್ತದೆ. ಪ್ರತಿ ಆಗಸ್ಟ್‌ನಲ್ಲಿ "ಇವತ್ತಿನ ಜೋಗ" ಅಂತ ಯಾವ ಕಾಲದ್ದೋ ವಿಡಿಯೋ ನಿಮಗೂ ಬರುತ್ತಲ್ವಾ? 253 ಮೀಟರ್ ಮೇಲಿಂದ ಧುಮುಕುವ ನೀರು ಕಂಡಮೇಲೆ ತಾರೀಕು ಕೇಳೋರು ಯಾರು.

ಅಕ್ಕನ ಮಗ ಮಳೆಗಾಲದಲ್ಲಿ ಇನ್ನೊಂದು ವಿಡಿಯೋ ಹಾಕಿದ್ದ. ಬೋರ್ಡೋ ಔಷಧಿ ಎರಡು ಸಲ ಹೊಡೆದರೂ ಕೊಳೆರೋಗ ಬಂದು ಮರದ ಬುಡದಲ್ಲಿ ಉದುರಿದ ಕಾಯಿ, ಮೇಲೆಲ್ಲ ಬಿಳಿ ಬೂಸ್ಟು. ಭಾವನ ಕೈ ಮಾತ್ರ ಕಾಣುತ್ತದೆ, ಒಂದೊಂದೇ ಹೆಕ್ಕಿ ಬುಟ್ಟಿಗೆ ಹಾಕುತ್ತಾರೆ, ಯಾರೂ ಮಾತಾಡುವುದಿಲ್ಲ. ನನ್ನ ಪ್ರಕಾರ ಅವನು ತೆಗೆದದ್ದರಲ್ಲಿ ಅದೇ ಒಳ್ಳೆಯದು. ನೋಡಿದವರು "ಛೆ, ಪಾಪ" ಅಂದರು, ಫೋನ್ ಇಟ್ಟರು. ಅದರಲ್ಲಿ ಭಾವ ಯಾರನ್ನಾದರೂ ಬೈದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ಅದೃಷ್ಟದ ಪಾಲೂ ಇದೆ, ಸಣ್ಣದಲ್ಲ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು 48 ಅಪರಿಚಿತ ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಒಂದು ಪಾಲು ಜನಕ್ಕೆ ಹಾಡು ಮಾತ್ರ ಕೊಟ್ಟು, ಉಳಿದವರನ್ನು ಎಂಟು ಗುಂಪು ಮಾಡಿ, ಅವರವರ ಗುಂಪಿನಲ್ಲಿ ಯಾವ ಹಾಡು ಎಷ್ಟು ಡೌನ್‌ಲೋಡ್ ಆಗಿದೆ ಅಂತಲೂ ತೋರಿಸಿದರು. ಒಂದು ಗುಂಪಿನಲ್ಲಿ ಮೊದಲ ಸ್ಥಾನ ಪಡೆದ ಹಾಡು ಇನ್ನೊಂದರಲ್ಲಿ 40ನೆಯದಾಯಿತು. ತೀರಾ ಚೆನ್ನಾಗಿರುವುದು ಸುಲಭಕ್ಕೆ ಸೋಲಲಿಲ್ಲ, ತೀರಾ ಕೆಟ್ಟದ್ದು ಗೆಲ್ಲಲಿಲ್ಲ. ನಡುವಿನದಕ್ಕೆ ಮೊದಲು ಕೇಳಿದ ನಾಲ್ಕು ಜನ ಏನು ಮಾಡಿದರೋ ಅದೇ ಹಣೆಬರಹ.

ಈ ಸಲ ಹುಡುಗ ಒಳ್ಳೆ ಬೆಳಕು ನೋಡಿ, ಅದೇ ಕೊನೆಗೌಡ ಅದೇ ಮರದಿಂದ ದಾಟುವುದನ್ನು ಮತ್ತೆ ತೆಗೆದ. ನಿನ್ನೆ ನೋಡಿದಾಗ 310 ವ್ಯೂ. ಅಕ್ಕ ಈ ಸಲ ಏನೂ ಕೂಗಲಿಲ್ಲ.